ಮೇಲಿನ ಖೋಲಿಯ ಉಪ್ಪು

ನನ್ನ ಬಿಪಿಯ ಕತೆ ಶುರುವಾದದ್ದೇ ಒಂದು ಭಾಷೆಯ ಎಡವಟ್ಟಿನಿಂದ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬು ಗಂಟಿಕ್ಕಿ, ಮರಾಠಿಯಲ್ಲಿ ‘ಮೀಠ್ ಕಮೀ ಕರಾ’ ಎಂದರು. ನಾನು ಅಂಗಿಯ ತೋಳು ಇಳಿಸಿಕೊಳ್ಳುವುದರಲ್ಲಿದ್ದೆ, ಕೇಳಿಸಿಕೊಂಡವಳು ಹೆಂಡತಿ. ಚಿತ್ತಾಪುರದವಳು. ಮುಂಬಯಿಯ ಧಾರಾವಿಗೆ ಬಂದು 28 ವರ್ಷವಾದರೂ ಅವಳ ಹೊರಗಿನ ವ್ಯವಹಾರವೆಲ್ಲ ಹಿಂದಿಯಲ್ಲೇ. ಮರಾಠಿಯನ್ನು ಅರ್ಧ ಕೇಳಿ ಅರ್ಧ ಊಹಿಸುತ್ತಾಳೆ. ಮರಾಠಿಯ ಮೀಠ್ ಎಂದರೆ ಉಪ್ಪು, ಹಿಂದಿಯ ಮೀಠಾ ಎಂದರೆ ಸಿಹಿ. ಮರುದಿನ ಬೆಳಿಗ್ಗೆಯಿಂದ ನನ್ನ ಚಹಾಕ್ಕೆ ಸಕ್ಕರೆ ನಿಂತಿತು. 15 ದಿನ ಕಹಿ ಚಹಾ ಕುಡಿದು, ಎಂದಿನಂತೆ ಉಪ್ಪಿನಕಾಯಿ ನಂಜಿಕೊಂಡು ಮತ್ತೆ ಹೋಗಿ ತೋಳು ಒಡ್ಡಿದರೆ, ಬಿಪಿ ಇನ್ನೂ ಎರಡು ಮೆಟ್ಟಿಲು ಮೇಲಕ್ಕೇರಿತ್ತು.

ತಪ್ಪು ಅವಳದಲ್ಲ. ನಮ್ಮ ಓಣಿಯಲ್ಲಿ ರುಚಿಗಳ ಹೆಸರೇ ಅದಲುಬದಲಾಗಿವೆ. ಕುಂಭಾರವಾಡದ ಗುಜರಾತಿಗಳೂ ಉಪ್ಪಿಗೆ ಮೀಠು ಎನ್ನುತ್ತಾರೆ. ನಮಗೆ ಖಾರವೆಂದರೆ ಮೆಣಸಿನಕಾಯಿ. ಹಿಂದಿಯವರ ಖಾರಾ ಎಂದರೆ ಉಪ್ಪುಪ್ಪು. ಮೊದಲ ಸಲ ಮುಂಬಯಿಗೆ ಬಂದ ನಮ್ಮ ಮಾವ ಬೇಕರಿಯ ‘ಖಾರಿ’ಯನ್ನು ಚಹಾದಲ್ಲಿ ಅದ್ದಿ ತಿಂದು, ‘ಇದರಾಗ ಖಾರ ಎಲ್ಲದ?’ ಎಂದು ಕೇಳಿದ್ದರು. ಈ ಗೊಂದಲದ ನಡುವೆ ಬೆಳಿಗ್ಗೆ ಇಡ್ಲಿ ಮಾರಲು ಬರುವ ತಮಿಳು ಅಕ್ಕ ಒಬ್ಬಳೇ ಉಪ್ಪನ್ನು ಉಪ್ಪು ಎಂದೇ ಕರೆಯುವವಳು. ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು.

ಎರಡನೇ ಸಲ ಡಾಕ್ಟರು ಲೆಕ್ಕವನ್ನೇ ಬರೆದುಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಹೆಚ್ಚೆಂದರೆ ಒಂದು ಚಹಾ ಚಮಚ. ಹೆಂಡತಿ ಹಾಳೆಯನ್ನು ಮಡಚಿ ರವಿಕೆಯೊಳಗಿಟ್ಟುಕೊಂಡಳು. ಅವಳಿಗೆ ಗ್ರಾಮು ತಿಳಿಯದಿದ್ದರೂ ಪೊಟ್ಟಣ ತಿಳಿಯುತ್ತದೆ. ನಾಲ್ಕು ಜನ, ದಿನಕ್ಕೆ 20 ಗ್ರಾಮು, ಒಂದು ಕಿಲೋದ ಪೊಟ್ಟಣ 50 ದಿನ ಬಾಳಬೇಕು. ನಮ್ಮಲ್ಲಿ 20 ದಿನಕ್ಕೆ ಬರಿದಾಗುತ್ತಿತ್ತು. ಅಂದಿನಿಂದ ಪೊಟ್ಟಣ ಒಡೆದ ದಿನ ಬಾಲ್‌ಪೆನ್ನಿನಲ್ಲಿ ಅದರ ಮೇಲೆ ತಾರೀಖು ಬರೆಯುವ ಪದ್ಧತಿ ಬಂತು. ನಾನು ಫೋರ್ಟಿನ ಆಫೀಸಿನಲ್ಲಿ 30 ವರ್ಷ ಗುಮಾಸ್ತಿಕೆ ಮಾಡಿದವನು. ಇಂಥ ಕಟ್ಟುನಿಟ್ಟಿನ ದಫ್ತರು ಎಲ್ಲೂ ನೋಡಲಿಲ್ಲ. ಸೋಡಿಯಂ ಕಡಿಮೆ ಇರುವ ಹೊಸ ಉಪ್ಪು ತರೋಣವೆಂದರೆ ಅದರಲ್ಲಿ ಪೊಟ್ಯಾಶಿಯಂ ಇರುತ್ತದಂತೆ, ಮೂತ್ರಪಿಂಡ ಸೋತವರಿಗೆ ಅಪಾಯ. ಅವ್ವನ ಮೂತ್ರಪಿಂಡ ಸೋತಿದೆ. ಒಲೆ ಒಂದೇ, ಗಡಿಗೆ ಒಂದೇ. ಆ ದಾರಿಯೂ ಮುಚ್ಚಿತು.

ನಿಜ ಹೇಳಬೇಕೆಂದರೆ, ಗಡಿಗೆಯ ಉಪ್ಪು ಅರ್ಧ ಕತೆ ಮಾತ್ರ. ಸೋಡಿಯಂ ಎಂಬುದು ಬಹುರೂಪಿ. ನಮ್ಮ ಓಣಿಯಲ್ಲಿ ಹೆಂಗಸರು ಬೋರಲು ಹಾಕಿದ ಬೆತ್ತದ ಬುಟ್ಟಿಗಳ ಮೇಲೆ ಹಪ್ಪಳ ಒಣಹಾಕುತ್ತಾರೆ. ಅದರಲ್ಲಿ ಉಪ್ಪಲ್ಲದೆ ಪಾಪಡಖಾರವೂ ಸೇರಿರುತ್ತದೆ, ಅದೂ ಸೋಡಿಯಮ್ಮೇ. ತಿರುವಿನಲ್ಲಿ ಚಕ್ಕುಲಿಯ ಬಾಣಲೆ. ಸಂಜೆ ಚೈನೀಸ್ ಗಾಡಿಯವನ ಬಿಳಿ ಪುಡಿ. ವಡಾಪಾವ್ ಅಂತೂ ಸಂಚಾರಿ ಉಪ್ಪಿನ ಮಂಡಿಯೇ ಸರಿ: ಪಾವಿನಲ್ಲಿ ಉಪ್ಪು, ಬಟಾಟೆಯಲ್ಲಿ ಉಪ್ಪು, ಹಿಟ್ಟಿನಲ್ಲಿ ಉಪ್ಪಿನ ಜೊತೆ ಸೋಡಾ, ಒಣಚಟ್ನಿಯಲ್ಲಿ ಉಪ್ಪು. ಇಷ್ಟೂ ಸಾಲದೆಂದು ಪಕ್ಕದಲ್ಲಿ ಉಪ್ಪಿನಲ್ಲಿ ಹೊರಳಿಸಿದ ಹುರಿದ ಮೆಣಸಿನಕಾಯಿ. ಸಾಯನ್ ಸ್ಟೇಶನ್ನಿನಿಂದ ಮನೆ ಮುಟ್ಟುವಷ್ಟರಲ್ಲಿ ನನ್ನ ದಿನದ ಚಮಚ ಬರೀ ವಾಸನೆಗೇ ಮುಗಿದುಹೋಗುತ್ತಿತ್ತು.

ಉಪ್ಪು ನಮ್ಮ ಮನೆಗೆ ಬಾಯಿಂದ ಬಂದದ್ದಲ್ಲ, ಕೈಯಿಂದ ಬಂದದ್ದು. ಅಪ್ಪ ಕಲಬುರಗಿ ಕಡೆಯಿಂದ ಬಂದು ಧಾರಾವಿಯ ಚರ್ಮದ ಗೋದಾಮು ಸೇರಿದವನು. ದೇವನಾರದ ಕಸಾಯಿಖಾನೆಯಿಂದ ಬಂದ ಹಸಿ ತೊಗಲು ಹರವಿ, ಒಳಮೈಗೆ ಉಪ್ಪು ಉಜ್ಜಿ, ಒಂದರ ಮೇಲೊಂದು ಪೇರಿಸುವುದು ಅವನ ಕೆಲಸ. ತೊಗಲಿನ ತೂಕದ ಅರ್ಧದ ಹತ್ತಿರ ಉಪ್ಪು ಬೇಕು. ಇಲ್ಲದಿದ್ದರೆ ಒಂದೆರಡು ದಿನದಲ್ಲೇ ಕೊಳೆಯುತ್ತದೆ. ಸಂಜೆ ಅಪ್ಪ ಬಂದಾಗ ಹುಬ್ಬಿನ ಕೂದಲಲ್ಲೂ ಬಿಳಿ ಕಾಳು. ಬೆರಳ ಸಂದಿಯಲ್ಲಿ ಬಿರುಕು, ಬಿರುಕಿನಲ್ಲಿ ಉರಿ. ಸಾಬೂನು ಹಚ್ಚಿ ಮೂರು ಸಲ ತೊಳೆದು ಊಟಕ್ಕೆ ಕುಳಿತವನು ತಾಟಿನ ಅಂಚಿಗೆ ಉಪ್ಪು ಹಾಕೆಂದರೆ ಅವ್ವ, ‘ನಿಮ್ಮ ಕೈಯಾಗೇ ಅದ, ತಾಟಿನ್ಯಾಗ ಯಾಕ ಬೇಕು?’ ಎನ್ನುತ್ತಿದ್ದಳು. ಆದರೂ ಹಾಕುತ್ತಿದ್ದಳು. ಅವನು ಮುರಿದು ನನ್ನ ಬಾಯಿಗಿಟ್ಟ ರೊಟ್ಟಿ ಚೂರಿಗೆ ಒಂದು ಉಪ್ಪು ಇರುತ್ತಿತ್ತು. ಅದು ತಾಟಿನದೋ ಬೆರಳಿನದೋ ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ತೊಗಲು ಹದಮಾಡುವ ಕೆಲಸ ಬಹುಪಾಲು ಧಾರಾವಿ ಬಿಟ್ಟು ಹೋಗಿದೆ. ಉಳಿದಿರುವುದು ಚೀಲ, ಬೆಲ್ಟು, ಜಾಕೀಟು ಹೊಲಿಯುವ ಕಾರಖಾನೆಗಳು.

ಸಪ್ಪೆ ಊಟದ ಮೊದಲ ವಾರ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಎರಡನೇ ವಾರ ಮೇಲಿನ ಖೋಲಿ ನೆನಪಾಯಿತು.

ನಮ್ಮದು ನೆಲದ ಖೋಲಿ. ಅದರ ತಲೆಯ ಮೇಲೆ ತಮ್ಮನ ಸಂಸಾರ. ಓಣಿಯಿಂದ ಕಬ್ಬಿಣದ ಏಣಿ, ಗೋಡೆಯಷ್ಟೇ ನೆಟ್ಟಗೆ; ಹಿಡಿಯಲು ಮೇಲಿನಿಂದ ಇಳಿಬಿಟ್ಟ ಹಗ್ಗ. ತಮ್ಮನ ಹೆಂಡತಿ ಅಕ್ಕಲಕೋಟದವಳು. ಅವಳು ಕುಟ್ಟುವ ಶೇಂಗಾ ಹಿಂಡಿಯ ಮುಂದೆ ಯಾವ ಡಾಕ್ಟರ ಹಾಳೆಯೂ ನಿಲ್ಲದು. ಸಂಜೆ ಹೆಂಡತಿ ನೀರು ತುಂಬುವ ಗಡಿಬಿಡಿಯಲ್ಲಿದ್ದಾಗ ನಾನು ಹಗ್ಗ ಹಿಡಿದು ಹತ್ತುತ್ತಿದ್ದೆ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಇಲ್ಲೇ ಹತ್ತಿರದ ವಡಾಲಾದ ಉಪ್ಪಿನ ಆಗರಕ್ಕೆ ಜನ ನುಗ್ಗಿ, ಲಾಠಿ ತಿಂದು, ಹಿಡಿ ಹಿಡಿ ಉಪ್ಪು ತಂದಿದ್ದರು. ನಾನು ಬ್ರಿಟಿಷರಿಗಿಂತ ಜಬರದಸ್ತಾದ ಸರಕಾರದ ಕಣ್ಣು ತಪ್ಪಿಸಿ, ಒಂದೂವರೆ ರೊಟ್ಟಿ, ಒಂದು ಮುದ್ದೆ ಹಿಂಡಿ ಮುಗಿಸಿ, ಬಾಯಿ ಮುಕ್ಕಳಿಸಿ ಇಳಿಯುತ್ತಿದ್ದೆ. ರಾತ್ರಿ ಕೆಳಗೆ ಸಪ್ಪೆ ಬ್ಯಾಳಿಗೆ ‘ರುಚಿ ಆಗೇದ’ ಎನ್ನುತ್ತಿದ್ದೆ. ಹೆಂಡತಿ ಏನೂ ಅನ್ನುತ್ತಿರಲಿಲ್ಲ.

2024ರಲ್ಲಿ ಧಾರಾವಿಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯ ಸರ್ವೆಯವರು ಬಂದು ಬಾಗಿಲುಗಳಿಗೆ ಸಂಖ್ಯೆ ಬರೆದರು. ಕೆಳಗಿನದಕ್ಕೊಂದು, ಮೇಲಿನದಕ್ಕೊಂದು. 2000ನೇ ಇಸವಿಗಿಂತ ಮೊದಲಿನ ನೆಲದ ಮನೆಗಳಿಗೆ ಧಾರಾವಿಯಲ್ಲೇ ಹೊಸ ಮನೆ. ಮಾಳಿಗೆಯವರಿಗೆ ಧಾರಾವಿಯ ಹೊರಗೆ. ಅದೇ ವರ್ಷ ಹೊರಗೆ ಕಳಿಸುವವರ ಮನೆಗಳಿಗೆಂದು ಸರಕಾರ ಕಾಂಜೂರ್‌ಮಾರ್ಗ, ಭಾಂಡುಪ್, ಮುಲುಂಡ್ ಕಡೆ ಸುಮಾರು 256 ಎಕರೆ ಜಾಗ ಗುರುತಿಸಿತು. ಎಂಥ ಜಾಗ? ಉಪ್ಪಿನ ಆಗರ! ಸಮುದ್ರದ ನೀರು ನಿಲ್ಲಿಸಿ ಬಿಸಿಲಿಗೆ ಉಪ್ಪು ಕಟ್ಟುತ್ತಿದ್ದ ನೆಲ. ಅಣ್ಣನಿಗೆ ಉಪ್ಪು ಬಿಡು ಎಂದವರು ಡಾಕ್ಟರು, ತಮ್ಮನಿಗೆ ಉಪ್ಪಿನ ಮೇಲೇ ಮನೆ ಎಂದವರು ಸರಕಾರದವರು.

‘ಅಣ್ಣಾ, ಅಲ್ಲಿ ನೆಲ ಕೆರದರ ಸಾಕು, ಉಪ್ಪು. ರೊಟ್ಟಿ ಅಷ್ಟು ಕಟಗೊಂಡು ಬರ್ರಿ,’ ಎಂದು ತಮ್ಮ ನಕ್ಕ. ನಾನೂ ನಕ್ಕೆ. ಸಾಯನ್ನಿನಿಂದ ಮುಲುಂಡಿಗೆ ಲೋಕಲ್ ಹಿಡಿದು, ಅಲ್ಲಿಂದ ರಿಕ್ಷಾ ಮಾಡಿ, ಲಿಫ್ಟು ಹತ್ತಿ ಹಿಂಡಿ ತಿನ್ನಲು ಹೋಗುವ ಚಿತ್ರ ಕಣ್ಣಿಗೆ ಬಂತು. ಅಷ್ಟು ದೂರ ಹೋದರೆ ನಾನು ನೆಂಟನಾಗುತ್ತೇನೆ. ನೆಂಟರಿಗೆ ಹಿಂಡಿ ಹಾಕುವುದಿಲ್ಲ, ಹೋಳಿಗೆ ಮಾಡುತ್ತಾರೆ.

ನಾಲಗೆ ಸಪ್ಪೆಗೆ ಒಗ್ಗಲು ಎರಡು ಮೂರು ತಿಂಗಳು ಬೇಕು ಎಂದಿದ್ದರು ಡಾಕ್ಟರು. ಮೂರನೇ ತಿಂಗಳು ಬಿಪಿ ಇಳಿದಿತ್ತು. ‘ಶಾಬಾಸ್’ ಎಂದರು. ನನಗೆ ಒಳಗೊಳಗೇ ನಗು: ಮೇಲಿನ ಖೋಲಿಯ ವಿಷಯ ಇವರಿಗೆಲ್ಲಿ ಗೊತ್ತು! ಆ ಸಂಜೆ ಹುಮ್ಮಸ್ಸಿನಲ್ಲಿ ಏಣಿ ಹತ್ತಿದೆ. ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನೀರಿಗೆಂದು ಫಳಿಯ ಮೇಲಿನ ತಂಬಿಗೆ ಎತ್ತಿದರೆ ಅದರ ಹಿಂದೆ ಉಪ್ಪಿನ ಪೊಟ್ಟಣ. ಪೊಟ್ಟಣದ ಮೇಲೆ ಬಾಲ್‌ಪೆನ್ನಿನಲ್ಲಿ ತಾರೀಖು. ಅಕ್ಷರ ನನ್ನ ಹೆಂಡತಿಯದು. ಒಡೆದು 40 ದಿನವಾಗಿತ್ತು, ಇನ್ನೂ ಕಾಲುಭಾಗ ಉಳಿದಿತ್ತು.

ತಂಬಿಗೆಯನ್ನು ಅದೇ ಜಾಗದಲ್ಲಿ ಇಟ್ಟು ಬಂದು ಕುಳಿತೆ. ಅವಳು ಬಿಸಿ ರೊಟ್ಟಿ ಹಾಕಿ, ಹಿಂಡಿ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದಳು: ‘ಉಪ್ಪು ಕಡಿಮಿ ಆಗೇದೇನ್ರಿ ಭಾವಾರ?’

‘ಇಲ್ಲ ತಂಗಿ, ಬರೋಬ್ಬರಿ ಅದ,’ ಎಂದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.