ಅಂಗಡಿಗೊಂದು ಹಬ್ಬ

ಮೊನ್ನೆ ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ, ಅಂದ್ರೆ ಬ್ಲ್ಯಾಕ್ ಫ್ರೈಡೇ. ಇಲ್ಲಿ ಅಮೆರಿಕಾದಲ್ಲಿ ಕ್ರಿಸ್‌ಮಸ್ ಖರೀದಿಗೆ ಅದೇ ಮುಹೂರ್ತ. ಬೆಳಗಿನ ಜಾವ ಐದಕ್ಕೇ ರೂಮ್‌ಮೇಟ್ ಜೊತೆ ಅಂಗಡಿಯೊಂದರ ಮುಂದೆ ಚಳಿಯಲ್ಲಿ ನಡುಗುತ್ತಾ ಕ್ಯೂ ನಿಂತಿದ್ದೆ. ಟೀವಿಗೆ ಅರ್ಧ ಬೆಲೆ! ಮನೇಲಿ ಆಗಲೇ ಒಂದು ಟೀವಿ ಇದೆ, ಚೆನ್ನಾಗೇ ಓಡ್ತಿದೆ ಅನ್ನೋದು ಬೇರೆ ವಿಷಯ.

ಬಾಗಿಲು ತೆಗೆದದ್ದೇ ತಡ, ಹಿಂದಿನವರು ನೂಕಿದರು. ನಾನೂ ಮುಂದಿನವರನ್ನು ನೂಕಿದೆ. ವಯಸ್ಸಾದ ಹೆಂಗಸೊಬ್ಬರು ತಡವರಿಸಿ ಗೋಡೆ ಹಿಡಿದುಕೊಂಡರು. ನಾನು ನಿಲ್ಲಲಿಲ್ಲ.

ಟೀವಿ ಸಿಕ್ತು. ಮನೆಗೆ ಬಂದು ಕಾಫಿ ಕುಡಿಯುವಾಗ, ಹಿಂದೆ ಓದಿದ್ದೊಂದು ನೆನಪಾಯ್ತು. 2008ರ ಬ್ಲ್ಯಾಕ್ ಫ್ರೈಡೇ ದಿನ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನ ವಾಲ್‌ಮಾರ್ಟ್ ಒಂದರಲ್ಲಿ, ಬಾಗಿಲು ಮುರಿದು ನುಗ್ಗಿದ ಜನರ ಕಾಲ್ತುಳಿತಕ್ಕೆ ಸಿಕ್ಕಿ 34 ವರ್ಷದ ತಾತ್ಕಾಲಿಕ ನೌಕರನೊಬ್ಬ ಸತ್ತಿದ್ದ. ಅವತ್ತು ನುಗ್ಗಿದವರೂ ನನ್ನಂಥವರೇ ತಾನೇ?

ಈ ಆತುರ ತಾನಾಗೇ ಹುಟ್ಟಿದ್ದೂ ಅಲ್ಲ. 1939ರಲ್ಲಿ, ಕ್ರಿಸ್‌ಮಸ್ ವ್ಯಾಪಾರಕ್ಕೆ ಇನ್ನೊಂದು ವಾರ ಸಿಗಲಿ ಅಂತ ಅಧ್ಯಕ್ಷ ರೂಸ್‌ವೆಲ್ಟ್ ಥ್ಯಾಂಕ್ಸ್‌ಗಿವಿಂಗನ್ನೇ ನವೆಂಬರ್ 30ರಿಂದ 23ಕ್ಕೆ ತಂದಿದ್ದರು. ಎಷ್ಟೋ ರಾಜ್ಯಗಳು ಒಪ್ಪದೆ ಗಲಾಟೆಯಾಗಿ, ಕೊನೆಗೆ 1941ರಲ್ಲಿ ನಾಲ್ಕನೇ ಗುರುವಾರ ಅಂತ ಕಾನೂನೇ ಆಯ್ತು. ಹಬ್ಬಕ್ಕೆ ಅಂಗಡಿಯಲ್ಲ, ಅಂಗಡಿಗೆ ಹಬ್ಬ!

ಸಂಜೆ ಅಮ್ಮನಿಗೆ ಫೋನ್ ಮಾಡಿ ಹೊಸ ಟೀವಿ ವಿಷಯ ಹೇಳಿದೆ.

"ಹಳೇದು ಕೆಟ್ಟುಹೋಯ್ತೇನೋ?" ಅಂದ್ಳು.

ಏನು ಹೇಳೋದು ಗೊತ್ತಾಗಲಿಲ್ಲ. ಆ ಹೆಂಗಸು ಏನು ಕೊಳ್ಳೋಕೆ ಬಂದಿದ್ದರೋ... ಟೀವಿ ಡಬ್ಬ ಇನ್ನೂ ಬಿಚ್ಚಿಲ್ಲ. ನಾಳೆ ವಾಪಸ್ ಕೊಟ್ಟು ಬರ್ತೀನಿ. ಅದಕ್ಕೂ ಕ್ಯೂ ಇರುತ್ತೆ ಬಿಡಿ. ಈ ಸಲ ನೂಕಲ್ಲ.