ಕೆರೆಯ ನಾಡಿನಿಂದ ಕಡಲ ತಡಿಗೆ

ಕೋಲಾರ ಜಿಲ್ಲೆಯ ಮಕ್ಕಳಿಗೆ ನದಿಯೆಂದರೆ ಪಠ್ಯಪುಸ್ತಕದ ಚಿತ್ರ. ವರ್ಷವಿಡೀ ಹರಿಯುವ ಒಂದೇ ಒಂದು ಹೊಳೆಯೂ ನಮ್ಮಲ್ಲಿಲ್ಲ. ಪಾಲಾರ್ ಎಂಬ ಹೆಸರು ದೊಡ್ಡದು, ಮರಳು ಇನ್ನೂ ದೊಡ್ಡದು, ನೀರು ಮಾತ್ರ ಮಳೆ ಬಂದಾಗ. ನಮ್ಮ ಹಿರಿಯರು ಹೊಳೆಯಿಲ್ಲದ ಕೊರಗನ್ನು ಕೆರೆ ಕಟ್ಟಿ ನೀಗಿಸಿಕೊಂಡರು. ಊರಿಗೊಂದು ಕೆರೆ, ಕೆರೆಗೊಂದು ಕೋಡಿ, ಕೋಡಿ ಹರಿದರೆ ಊರಿಗೆಲ್ಲ ಹಬ್ಬ. ಇಂಥ ನಾಡಿನ ಮಕ್ಕಳು ಮೊದಲ ಸಲ ಕಡಲು ಕಂಡಾಗ ಏನಾಗುತ್ತದೆ ಎಂಬುದನ್ನು ವಿಜ್ಞಾನದ ಮೇಷ್ಟ್ರಾಗಿ ನಾನು ಹಲವು ಪ್ರವಾಸಗಳಲ್ಲಿ ನೋಡಿದ್ದೇನೆ. ಮೊದಲು ಮೌನ, ಆಮೇಲೆ ಕೇಕೆ, ಆಮೇಲೆ ನೀರಿನತ್ತ ಓಟ. ಆ ಓಟದ ಬಗ್ಗೆ ಮುಂದೆ ಹೇಳುತ್ತೇನೆ.

ಡಿಸೆಂಬರ್ ಬಂತೆಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಶಾಲಾ ಪ್ರವಾಸದ ಬಸ್ಸುಗಳು ಪಶ್ಚಿಮಕ್ಕೆ ಮುಖ ಮಾಡುತ್ತವೆ. ಹಳೇಬೀಡು, ಬೇಲೂರು, ಶಿರಾಡಿ ಘಾಟಿ, ಮೂಡುಬಿದಿರೆ, ಕಾರ್ಕಳ, ಉಡುಪಿ, ಮಲ್ಪೆ, ಆಗುಂಬೆ, ಶೃಂಗೇರಿ. ನಾಲ್ಕು ದಿನಕ್ಕೆ ಸರಿಹೊಂದುವ ದಾರಿ ಇದು. ಗುಡಿ, ಕಾಡು, ಕಡಲು ಮೂರೂ ಇದರಲ್ಲಿವೆ. ಕುಟುಂಬ ಸಮೇತ ಹೋಗುವವರಿಗೂ ಇದೇ ದಾರಿ ಅನುಕೂಲ.

ಬಳಪದ ಕಲ್ಲಿನ ಬೆರಗು

ರಾತ್ರಿ ಊಟ ಮುಗಿಸಿ ಹೊರಟರೆ ಬೆಳಗಿನ ಹೊತ್ತಿಗೆ ಹಾಸನ ದಾಟಿ ಹಳೇಬೀಡಿನಲ್ಲಿರಬಹುದು. ಅಲ್ಲಿಂದ ಬೇಲೂರು ಕೇವಲ 16 ಕಿ.ಮೀ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ಈ ಎರಡೂ ಗುಡಿಗಳು ಸೋಮನಾಥಪುರದ ಗುಡಿಯೊಡನೆ 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

'ಸಾರ್, ನಮ್ಮ ಕುರುಡುಮಲೆ ಗುಡೀಲಿ ಇಷ್ಟು ಸಣ್ಣ ಕೆತ್ತನೆ ಯಾಕಿಲ್ಲ?' ಎಂದು ಮುಳಬಾಗಿಲು ಕಡೆಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಕುರುಡುಮಲೆಯ ಸೋಮೇಶ್ವರ ದೇವಾಲಯದ ಅರ್ಧವನ್ನು ಜಕಣಾಚಾರಿಯೂ ಇನ್ನರ್ಧವನ್ನು ಮಗ ಡಂಕಣನೂ ಕಟ್ಟಿದರೆಂದು ನಮ್ಮ ಕಡೆ ಕಥೆ ಹೇಳುತ್ತಾರೆ. ಕಥೆ ಏನೇ ಇರಲಿ, ಉತ್ತರ ಕಲ್ಲಿನಲ್ಲಿದೆ. ನಮ್ಮ ಆವನಿ, ಕುರುಡುಮಲೆಗಳಲ್ಲಿ ಶಿಲ್ಪಿಗೆ ಸಿಕ್ಕಿದ್ದು ಉಳಿಯನ್ನೇ ಮೊಂಡು ಮಾಡುವ ಗಟ್ಟಿ ಕಗ್ಗಲ್ಲು. ಹೊಯ್ಸಳ ಶಿಲ್ಪಿಗೆ ಸಿಕ್ಕಿದ್ದು ಬಳಪದ ಕಲ್ಲು. ಅದರಲ್ಲಿ ಟಾಲ್ಕ್ ಎಂಬ ಖನಿಜ ಹೇರಳವಾಗಿದೆ. ನಾವು ಹಚ್ಚಿಕೊಳ್ಳುವ ಪೌಡರ್ ಕೂಡ ಅದರಿಂದಲೇ! ಗಡಸುತನದ ಅಳತೆಯಲ್ಲಿ ಟಾಲ್ಕ್‌ಗೆ ಕೊಟ್ಟಿರುವ ಅಂಕ ಒಂದು, ಉಗುರಿನಿಂದಲೂ ಗೀರಬಹುದು. ಹಾಗಾಗಿ ಮದನಿಕೆಯ ಬಳೆಯನ್ನೂ ಬೆರಳಿನ ಉಂಗುರವನ್ನೂ ಬಿಡಿಸಿ ಕೆತ್ತಲು ಸಾಧ್ಯವಾಯಿತು. ಕಲೆಗೆ ಪ್ರತಿಭೆ ಬೇಕು ನಿಜ, ಅದಕ್ಕೊಪ್ಪುವ ಕಲ್ಲೂ ಬೇಕು.

ನಮ್ಮ ನೀರಿನ ತವರು

ಬೇಲೂರಿನಿಂದ ಸಕಲೇಶಪುರಕ್ಕೆ ಬರುವಾಗಲೇ ಕಣ್ಣಿಗೆ ಹಸಿರು ಮೆತ್ತಿಕೊಳ್ಳುತ್ತದೆ. ಕಾಫಿ ತೋಟ, ಮೆಣಸಿನ ಬಳ್ಳಿ, ಏಲಕ್ಕಿಯ ನೆರಳು. ಮುಂದೆ ಶಿರಾಡಿ ಘಾಟಿ. ಇದೇ ಬೆಟ್ಟಗಳಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕಿಳಿಯುವ ರೈಲು ದಾರಿ 57 ಸುರಂಗಗಳನ್ನು ಹಾದುಹೋಗುತ್ತದೆ. ಮೋಡ ಮುಸುಕಿದ ಬೆಟ್ಟವನ್ನು ತೋರಿಸಿ, ಇಷ್ಟು ಮಳೆ ಇಲ್ಲಿಗೇಕೆ ಎಂದು ಮಕ್ಕಳನ್ನು ಕೇಳಿದೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಾಗ ತನ್ನ ಹೊರೆಯನ್ನೆಲ್ಲ ಇಳಿಸುತ್ತದೆ. ಘಟ್ಟ ದಾಟಿ ನಮ್ಮ ಬಯಲಿಗೆ ಬರುವ ಹೊತ್ತಿಗೆ ಅದರ ಬುಟ್ಟಿ ಬಹುಮಟ್ಟಿಗೆ ಖಾಲಿ. ಕೋಲಾರದಲ್ಲಿ ವರ್ಷಕ್ಕೆ ಬೀಳುವ ಮಳೆ 700ರಿಂದ 750 ಮಿ.ಮೀ. ಆಗುಂಬೆಯಲ್ಲಿ 7,500 ಮಿ.ಮೀ.ಗೂ ಮೇಲೆ. ನಮ್ಮಲ್ಲಿ ಹತ್ತು ವರ್ಷ ಬೀಳುವ ಮಳೆ ಅಲ್ಲಿ ಒಂದೇ ವರ್ಷಕ್ಕೆ!

ಈ ಬೆಟ್ಟಗಳ ನಡುವೆ ಎತ್ತಿನಹೊಳೆ ಇದೆ. ಕಾಡುಮನೆ ಹೊಳೆ, ಕೇರಿ ಹೊಳೆ, ಹೊಂಗಡಹಳ್ಳ ಇದರ ನೆರೆಯ ಹಳ್ಳಗಳು. ನಾಲ್ಕೂ ನೇತ್ರಾವತಿಯ ಕಡೆಗೆ ಹರಿಯುವಂಥವು. ಇವುಗಳಿಂದ ಮಳೆಗಾಲದಲ್ಲಿ 24.01 ಟಿಎಂಸಿ ನೀರು ಎತ್ತಿ ಕೋಲಾರ, ಚಿಕ್ಕಬಳ್ಳಾಪುರಗಳೂ ಸೇರಿದಂತೆ ಬಯಲು ಜಿಲ್ಲೆಗಳಿಗೆ ಕೊಡುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ಸಿಕ್ಕಿತು. ಸಾವಿರ ಅಡಿ ಕೊರೆದರೂ ನೀರು ಕಾಣದ ನಮಗೆ ಇದು ದೊಡ್ಡ ಆಸೆ. ನೇತ್ರಾವತಿಯನ್ನೇ ನಂಬಿದ ಕರಾವಳಿಯವರಿಗೆ, ಘಟ್ಟದ ಕಾಡನ್ನು ಪ್ರೀತಿಸುವವರಿಗೆ ಇದು ದೊಡ್ಡ ಆತಂಕ. ನಮ್ಮ ಮಕ್ಕಳು ಎರಡೂ ಕಡೆಯ ಮಾತು ಕೇಳಬೇಕು. ನಲ್ಲಿ ತಿರುಗಿಸುವವನಿಗೆ ನೀರಿನ ತವರು ಗೊತ್ತಿದ್ದರೆ ಬಿಂದಿಗೆ ತುಂಬಿದ ಮೇಲೆ ನಲ್ಲಿ ನಿಲ್ಲಿಸುವುದೂ ಗೊತ್ತಾಗುತ್ತದೆ.

ಹೆಂಚು, ಮಠ, ಮಾವು

ಘಟ್ಟ ಇಳಿದರೆ ಮನೆಗಳ ರೂಪವೇ ಬೇರೆ. ನಮ್ಮ ಚಪ್ಪಟೆ ತಾರಸಿಗಳ ಬದಲು ಕಡಿದಾದ ಇಳಿಜಾರಿನ ಹೆಂಚಿನ ಮಾಡು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದರಿಂದ 'ಮಂಗಳೂರು ಹೆಂಚು' ಎಂಬ ಹೆಸರೇ ಬಂತು. ಮಾಲೂರಿನ ಮಕ್ಕಳಿಗೆ ಹೆಂಚು ಹೊಸದಲ್ಲ. ಅವರ ಊರಿನ ಜೇಡಿಮಣ್ಣೂ ಹೆಂಚು, ಇಟ್ಟಿಗೆಗಳಿಗೆ ಹೆಸರುವಾಸಿ. ಆದರೆ ಮಾಡು ಇಷ್ಟು ಕಡಿದಾಗಿ ಏಕಿರಬೇಕು ಎಂಬುದು ಇಲ್ಲಿಗೆ ಬಂದ ಮೇಲೆಯೇ ಹೊಳೆಯುತ್ತದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಅಂಥದ್ದೇ ಇಳಿಜಾರು ಮಾಡು. 1430ರ ಸುಮಾರಿಗೆ ಕಟ್ಟಿದ ಈ ಬಸದಿಯಲ್ಲಿ ಒಂದು ಕಂಬದ ಕೆತ್ತನೆಯನ್ನು ಇನ್ನೊಂದರ ಜೊತೆ ಹೋಲಿಸಿ ನೋಡುವುದು ಮಕ್ಕಳಿಗೆ ಒಳ್ಳೆಯ ಆಟ. ಅಲ್ಲಿಂದ ಸ್ವಲ್ಪವೇ ದೂರದ ಕಾರ್ಕಳದಲ್ಲಿ, ಬಂಡೆಯ ನೆತ್ತಿಯ ಮೇಲೆ, 1432ರಿಂದ ನಿಂತಿರುವ 42 ಅಡಿಯ ಗೊಮ್ಮಟ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಲೆ ಬಂದವರಿಗೆ ಗೊಮ್ಮಟನ ಮುಖದ ಶಾಂತಿಯೇ ವಿಶ್ರಾಂತಿ.

ಉಡುಪಿಯಲ್ಲಿ ಮುಳಬಾಗಿಲಿನವರು ಸ್ವಲ್ಪ ಎದೆಯುಬ್ಬಿಸಿ ನಡೆಯಬಹುದು. ಮಧ್ವಾಚಾರ್ಯರ ಕೃಷ್ಣ, ಎರಡು ವರ್ಷಕ್ಕೊಮ್ಮೆ ಪೂಜೆಯ ಹೊಣೆ ಬದಲಾಗುವ ಅಷ್ಟಮಠಗಳು, ಕನಕನ ಕಿಂಡಿ ಇವೆಲ್ಲ ಎಲ್ಲರಿಗೂ ಗೊತ್ತು. ಇದೇ ಪರಂಪರೆಯ ಶ್ರೀಪಾದರಾಜರು ಹದಿನೈದನೇ ಶತಮಾನದಲ್ಲಿ ಮುಳಬಾಗಿಲಿನಲ್ಲಿದ್ದರು, ಕನ್ನಡದಲ್ಲಿ ಹಾಡು ಕಟ್ಟಿದರು, ವ್ಯಾಸರಾಯರಿಗೆ ಗುರುವಾದರು. ಆ ವ್ಯಾಸರಾಯರ ಶಿಷ್ಯರೇ ಪುರಂದರದಾಸರು, ಕನಕದಾಸರು. ಕನಕನ ಕಿಂಡಿಯ ಮುಂದೆ ನಿಂತಾಗ ಈ ಗುರುಪರಂಪರೆಯನ್ನು ಮಕ್ಕಳಿಗೆ ಹೇಳಿದರೆ ಸಾಕು, ಮುಳಬಾಗಿಲಿಗೂ ಉಡುಪಿಗೂ ನಡುವಿನ ದಾರಿ ಚಿಕ್ಕದಾಗುತ್ತದೆ.

ಶ್ರೀನಿವಾಸಪುರದ ಮಕ್ಕಳದು ಬೇರೆಯೇ ಚಿಂತೆ. 'ಇಷ್ಟು ನೀರಿದ್ದೂ ಇಲ್ಲಿ ನಮ್ಮಷ್ಟು ಮಾವಿನ ತೋಪು ಯಾಕಿಲ್ಲ?' ಮಾವು ಹೂ ಬಿಡಲು ಒಣ ಹವೆ ಬೇಕು. ಹೂವಿನ ಕಾಲದಲ್ಲಿ ತೇವ ಹೆಚ್ಚಾದರೆ ರೋಗ ತಗಲುತ್ತದೆ. ನಾವು ಬರವೆಂದು ಬೈಯುವ ಬಿಸಿಲೇ ಶ್ರೀನಿವಾಸಪುರದ ತೋಪುಗಳಲ್ಲಿ ಸಿಹಿಯಾಗುತ್ತದೆ.

ಕಂಬಗಳ ದ್ವೀಪ

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಮಳೆಗಾಲದಲ್ಲಿ ದೋಣಿಗಳಿಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಕಾಲಿಟ್ಟನೆಂದು ಪ್ರತೀತಿ. ನನಗೆ ಅವನಿಗಿಂತ ಇಲ್ಲಿನ ಕಲ್ಲುಗಳೇ ಪ್ರಿಯ. ಬಡಗಿ ಅಳತೆ ಮಾಡಿ ಕೊಯ್ದಿಟ್ಟಂತೆ ಐದು, ಆರು, ಏಳು ಮೂಲೆಗಳ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಯಾರೂ ಕೆತ್ತಿದ್ದಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸ ತಣಿಯುತ್ತಾ ಕುಗ್ಗಿತು, ಕುಗ್ಗುತ್ತಾ ಬಿರುಕು ಬಿಟ್ಟಿತು. ಒಣಗಿದ ಕೆರೆಯ ಅಂಗಳದ ಮಣ್ಣು ಬಿರಿಯುವುದನ್ನು ನೋಡದ ಮಗು ನಮ್ಮ ಜಿಲ್ಲೆಯಲ್ಲಿದೆಯೇ? ಅದೇ ಲೆಕ್ಕ, ಅಲ್ಲಿ ನೀರು ಆರಿ ಕುಗ್ಗುತ್ತದೆ, ಇಲ್ಲಿ ಶಾಖ ಆರಿ ಕುಗ್ಗಿದೆ.

ಈ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂಥದ್ದೇ ಗೌರವ ಪಡೆದ ಇನ್ನೊಂದು ತಾಣ ನಮ್ಮಲ್ಲೇ, ಕೆಜಿಎಫ್ ಬಳಿಯ ಪೆದ್ದಪಲ್ಲಿಯಲ್ಲಿದೆ. ಅದೂ ಜ್ವಾಲಾಮುಖಿಯ ಕಲ್ಲು, ವಯಸ್ಸು ಸುಮಾರು 270 ಕೋಟಿ ವರ್ಷ. ಸೇಂಟ್ ಮೇರೀಸ್‌ನ ಕಂಬಗಳು ಅದರ ಮುಂದೆ ಎಳೆಗೂಸು! 2001ರಲ್ಲಿ ಮುಚ್ಚಿದ ನಮ್ಮ ಚಿನ್ನದ ಗಣಿಗಳು ಇದ್ದದ್ದೂ ಅದೇ ಪ್ರಾಚೀನ ಶಿಲಾಪಟ್ಟಿಯಲ್ಲಿ. ನೂರಾರು ಕಿಲೋಮೀಟರ್ ಬಂದು ಇದನ್ನು ನೋಡಿದವರು ಊರಿಗೆ ಹೋದ ಮೇಲೆ ಅದನ್ನೂ ನೋಡಬೇಕು.

ಕಡಲು ಕೆರೆಯಲ್ಲ

ಈಗ ಆ ಓಟದ ವಿಷಯ. 2024ರ ಡಿಸೆಂಬರ್ 10ರಂದು ಉತ್ತರ ಕನ್ನಡದ ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಪ್ರವಾಸಕ್ಕೆಂದು ಹೋದ ಮಕ್ಕಳು. ಆ ಸುದ್ದಿ ಬಂದ ಮೇಲೆ 'ಇನ್ನು ನಮ್ಮ ಮಗುವನ್ನು ಕಳಿಸುವುದಿಲ್ಲ' ಎಂದ ಪಾಲಕರನ್ನು ನಾನು ದೂರಲಾರೆ. ಆದರೆ ಕಡಲನ್ನು ಕಾಣದಂತೆ ಬೆಳೆಸುವುದಕ್ಕಿಂತ ಕಡಲನ್ನು ಅರಿಯುವಂತೆ ಬೆಳೆಸುವುದು ಮೇಲು ಎಂಬುದು ನನ್ನ ನಂಬಿಕೆ. ಅದಕ್ಕೆ ಪ್ರವಾಸದ ಹಿಂದಿನ ವಾರ ಒಂದು ತರಗತಿಯನ್ನು ಇದಕ್ಕೇ ಮೀಸಲಿಡುತ್ತೇನೆ.

ಕೆರೆಯ ನೀರು ನಿಂತ ನೀರು. ಅದರ ಅಪಾಯ ಹೂಳಿನಲ್ಲಿ, ಆಳದಲ್ಲಿ. ಕಡಲಿನ ನೀರು ನಡೆಯುವ ನೀರು. ಅಲೆಗಳು ದಡಕ್ಕೆ ಹೊತ್ತು ತಂದ ನೀರೆಲ್ಲ ಎಲ್ಲಿಂದಲೋ ಹಿಂದಕ್ಕೆ ಹೋಗಲೇಬೇಕು. ಮರಳ ದಿಣ್ಣೆಗಳ ನಡುವೆ ತಗ್ಗು ಸಿಕ್ಕಿದರೆ ಅದು ಕಾಲುವೆಯಂತೆ ಅಲ್ಲಿ ನುಗ್ಗಿ ವಾಪಸಾಗುತ್ತದೆ. ಇದಕ್ಕೆ ರಿಪ್ ಕರೆಂಟ್ ಎನ್ನುತ್ತಾರೆ. ಕನ್ನಡದಲ್ಲಿ ಸೆಳೆತ ಎನ್ನೋಣ. ಇದರ ವೇಗ ಸೆಕೆಂಡಿಗೆ ಎರಡು ಮೀಟರ್ ಮುಟ್ಟುವುದುಂಟು. ಒಲಿಂಪಿಕ್ ಈಜುಗಾರನ ವೇಗವೂ ಸುಮಾರು ಅಷ್ಟೇ. ಮೋಸವೆಂದರೆ, ಸೆಳೆತವಿರುವ ಜಾಗ ನೋಡಲು ಶಾಂತ. ಎರಡೂ ಪಕ್ಕ ಬಿಳಿ ನೊರೆಯ ಅಲೆ, ನಡುವೆ ನೊರೆಯಿಲ್ಲದ ಕಪ್ಪು ದಾರಿ. 'ಇಲ್ಲಿ ಅಲೆ ಕಮ್ಮಿ' ಎಂದು ಹೊಸಬರು ಅಲ್ಲೇ ಇಳಿಯುತ್ತಾರೆ.

ಸೆಳೆತ ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ದಡದತ್ತ ಎದುರೀಜಿ ಸುಸ್ತಾದವರೇ ಮುಳುಗುವುದು. ಸಿಕ್ಕಿಬಿದ್ದರೆ ಗಾಬರಿಯಾಗದೆ ತೇಲಬೇಕು, ಕೈಯೆತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ಕಳೆದ ಮೇಲೆ ದಡಕ್ಕೆ ತಿರುಗಬೇಕು. ಗೆಳೆಯ ಸಿಕ್ಕಿಬಿದ್ದನೆಂದು ಹಿಂದೆಯೇ ಧುಮುಕುವುದು ಸಲ್ಲ. ಹಗ್ಗ, ಗಾಳಿ ತುಂಬಿದ ಟ್ಯೂಬು, ಮುಚ್ಚಿದ ಖಾಲಿ ಕ್ಯಾನು ಹೀಗೆ ತೇಲುವಂಥದ್ದನ್ನು ಎಸೆದು ಜೀವರಕ್ಷಕರನ್ನು ಕರೆಯಬೇಕು. ಇನ್ನೂ ಒಂದು ಲೆಕ್ಕ: ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಮೊಣಕಾಲುದ್ದದ ಅಲೆಯೂ ಹದಿನಾಲ್ಕರ ಮಗುವನ್ನು ಕೆಡವಬಲ್ಲದು.

ನಾವು ಮಲ್ಪೆಯಲ್ಲಿ ಮಾಡಿದ್ದು ಇಷ್ಟು. ಬಸ್ಸಿನಿಂದ ಇಳಿಯುವ ಮೊದಲು ತಲೆ ಎಣಿಕೆ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು. ಮರಳಿನ ಮೇಲೆ ಗೆರೆ ಎಳೆದು, ಅಲೆಯೇ ಗೆರೆಯವರೆಗೆ ಬಂದು ಪಾದ ತೊಳೆದು ಹೋಗಲಿ ಎಂದೆವು. ಹುಡುಗರ ಮುಖ ಸ್ವಲ್ಪ ಸಪ್ಪಗಾಯಿತು. ಆಮೇಲೆ ಏಡಿಯ ಬಿಲಗಳು ಕಂಡವು, ಚಿಪ್ಪುಗಳು ಸಿಕ್ಕವು, ನೊರೆಯಿಲ್ಲದ ಕಪ್ಪು ದಾರಿಯನ್ನು ಹುಡುಗಿಯೊಬ್ಬಳು ತಾನೇ ಗುರುತಿಸಿ ತೋರಿಸಿದಳು. ಒಬ್ಬ ಒಂದು ಲೀಟರ್ ಸಮುದ್ರದ ನೀರು ತುಂಬಿಕೊಂಡು ಬಂದು ಊರಿನ ತಾರಸಿಯ ಮೇಲೆ ತಟ್ಟೆಯಲ್ಲಿ ಒಣಗಿಸಿದ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಎಂದು ಪುಸ್ತಕ ಹೇಳುತ್ತದೆ. ಅವನ ತಕ್ಕಡಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಮಳೆಯ ಊರು, ಮೀನಿನ ಹೊಳೆ

ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿ.ಮೀ. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮುಂದಿನ ಸೀಟಿನಲ್ಲಿ ಕೂರುವುದು ಲೇಸು. ಆಕಾಶ ತಿಳಿಯಾಗಿದ್ದರೆ ಮೇಲಿನ ಸೂರ್ಯಾಸ್ತದ ಕಟ್ಟೆಯಿಂದ ಅರಬ್ಬೀ ಸಮುದ್ರದಲ್ಲಿ ಸೂರ್ಯ ಮುಳುಗುವುದು ಕಾಣುತ್ತದೆ. ಕಾಳಿಂಗ ಸರ್ಪಗಳ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರ ಇರುವುದು ಇಲ್ಲೇ. ಶಂಕರನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಊರೂ ಇದೇ ಎಂದರೆ ಪಾಲಕರ ಕಣ್ಣು ಅರಳುತ್ತದೆ.

ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ಕಂಬಗಳಿಗೆ ಹನ್ನೆರಡು ರಾಶಿಗಳು. ಸೂರ್ಯ ವರ್ಷವಿಡೀ ಒಂದೇ ಜಾಗದಲ್ಲಿ ಹುಟ್ಟುವುದಿಲ್ಲ ಎಂಬ ಪಾಠ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಪಕ್ಕದ ತುಂಗೆಯಲ್ಲಿ ಆಳುದ್ದದ ನೀರು, ಮೆಟ್ಟಿಲವರೆಗೆ ಬರುವ ಮೀನುಗಳು. ಮೀನು ಹಿಡಿಯುವಂತಿಲ್ಲ, ನೀರಿಗೆ ಇಳಿಯುವುದೂ ಬೇಡ.

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರುವರಿ ಈ ದಾರಿಗೆ ಹಿತವಾದ ಕಾಲ. ಮಕ್ಕಳಿಗೆ ಸ್ವೆಟರು, ಟೋಪಿ, ನೀರಿನ ಬಾಟಲಿ, ಒಂದು ನೋಟ್‌ಬುಕ್ಕು ಸಾಕು. ದುಬಾರಿ ಮೊಬೈಲು, ಒಡವೆ ಮನೆಯಲ್ಲಿರಲಿ. ಪಾಲಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು? ಕಡಲ ತೀರಕ್ಕೆ ಎಷ್ಟು ಹೊತ್ತಿಗೆ ಹೋಗುತ್ತೀರಿ, ಅಲ್ಲಿ ಜೀವರಕ್ಷಕರಿದ್ದಾರೆಯೇ? ದೋಣಿಯಲ್ಲಿ ಪ್ರತಿ ಮಗುವಿಗೂ ಜೀವರಕ್ಷಕ ಜಾಕೆಟ್ ಇದೆಯೇ? ರಾತ್ರಿ ಬಸ್ಸು ಓಡಿಸುವ ಚಾಲಕ ಹಗಲು ನಿದ್ದೆ ಮಾಡಿದ್ದಾನೆಯೇ? ಕೇಳಿದರೆ ಮೇಷ್ಟ್ರುಗಳಿಗೆ ಬೇಸರವಾದೀತೆಂದು ಸಂಕೋಚ ಬೇಡ. ಉತ್ತರ ಸಿದ್ಧವಿರುವ ಶಾಲೆಯೊಡನೆ ಮಗುವನ್ನು ನಿಶ್ಚಿಂತೆಯಿಂದ ಕಳಿಸಿ. ಹೊಳೆಯಿಲ್ಲದ ನಾಡಿನ ಮಕ್ಕಳು ನೀರಿನ ಚೆಲುವನ್ನೂ ಬಲವನ್ನೂ ಒಟ್ಟಿಗೇ ಕಲಿತು ಬರಲಿ.