ಮುಳುಗಡೆ ಊರಿನ ಬಯಲು

ಮೇ ತಿಂಗಳು, ಬೆಳಗಿನ ಆರು ಗಂಟೆ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳಿ, ಈ ಎರೆಮಣ್ಣು ಮೆಟ್ಟಿದ್ದನ್ನು ಬಿಡುವುದಿಲ್ಲ. ಮೇಲ್ಪದರ ಬಿಸಿಲಿಗೆ ಬಿರಿದಿದೆ, ಒಳಗೆ ಇನ್ನೂ ಹಸಿ. ಪೂರ್ವದ ಕಡೆ ದೂರದಲ್ಲಿ ಆಲಮಟ್ಟಿ ಅಣೆಕಟ್ಟಿನ ಗೆರೆ ಕಾಣುತ್ತದೆ. ಅದರ 26 ಗೇಟುಗಳ ಮೇಲೆ ಸೂರ್ಯ ಈಗಷ್ಟೇ ಏರಿದ್ದಾನೆ. ನಾವು ನಡೆಯುತ್ತಿರುವುದು ಜಲಾಶಯದ ನೆಲದ ಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದರೆ ಇಲ್ಲಿ ಆಳು ಮುಳುಗುವಷ್ಟು ನೀರಿರುತ್ತದೆ, ಹರಗೋಲಿನವನು ಬಲೆ ಬೀಸಿಕೊಂಡು ಹೋಗುತ್ತಿರುತ್ತಾನೆ. ಬೇಸಿಗೆಯಲ್ಲಿ ಕೃಷ್ಣೆ ಹಿಂದೆ ಸರಿದಾಗ ಊರು ಮೇಲೇಳುತ್ತದೆ.

ಊರೆಂದರೆ ಈಗ ಕಲ್ಲಿನ ಸಾಲುಗಳಷ್ಟೇ. ಅಡಿಪಾಯ, ಒಂದೆರಡು ಹೊಸ್ತಿಲು, ಬಾಯಿ ತುಂಬ ಹೂಳು ತುಂಬಿಕೊಂಡ ಹಗೇವು. ಬಿಟ್ಟುಹೋಗುವಾಗ ಜನ ತೊಲೆ, ಜಂತಿ, ಬಾಗಿಲು ಎಲ್ಲ ಕಿತ್ತು ಬಂಡಿಗೆ ಹೇರಿಕೊಂಡು ಹೋಗಿದ್ದರು. ಹನುಮಪ್ಪನ ಗುಡಿ ಮಾತ್ರ ನಿಂತಿದೆ, ಗೋಡೆಯ ಮೇಲೆ ನೀರು ಏರಿ ಇಳಿದ ಗುರುತು ಗೆರೆಗೆರೆಯಾಗಿ ಉಳಿದಿದೆ. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಧೋತರ ಮೊಣಕಾಲಿಗೆ ಎತ್ತಿ ಕಟ್ಟಿದ ಮುತ್ಯಾ ಒಬ್ಬರು, ಸೆರಗು ತಲೆಮೇಲೆ ಹೊದ್ದ ಆಯಿ ಒಬ್ಬರು ಕಲ್ಲಿನ ಮೇಲೆ ಕೂತಿದ್ದಾರೆ. ಇಬ್ಬರೂ ಹನುಮಪ್ಪನಿಗೆ ಎಣ್ಣೆ ಹಾಕಲು ಬಂದವರು.

"ಬರ್ರಿ, ಕೂಡ್ರಿ. ನೀವು ನಿಂತದ್ದು ನಮ್ಮ ಪಡಸಾಲಿ," ಎನ್ನುತ್ತಾರೆ ಮುತ್ಯಾ.

ಸುತ್ತ ನೋಡಿದರೆ ಪಡಸಾಲೆ ಎಲ್ಲಿದೆ? ಮೊಣಕಾಲೆತ್ತರದ ಕಲ್ಲಿನ ಚೌಕ, ನಡುವೆ ಒಣಗಿದ ಕೆಸರು. ಮುತ್ಯಾ ಚಿಕ್ಕಂದಿನಿಂದ ಸಿದ್ಧಾರೂಢರ ಪರಂಪರೆಯ ಮಠದಲ್ಲಿ ಭಜನೆ ಹಾಡಿದವರು, ಶಾಸ್ತ್ರ ಕೇಳಿದವರು. ಈ ಸೀಮೆಯಲ್ಲಿ ವೇದಾಂತ ಸಂಸ್ಕೃತ ಪಾಠಶಾಲೆಯಿಂದ ಬಂದದ್ದಲ್ಲ, ಏಕತಾರಿ, ದಮ್ಮಡಿ, ತಾಳದ ಜೊತೆ ಬಂದದ್ದು. 1929ರಲ್ಲಿ ದೇಹ ಬಿಟ್ಟ ಹುಬ್ಬಳ್ಳಿಯ ಸಿದ್ಧಾರೂಢರು ನಿಜಗುಣ ಶಿವಯೋಗಿಗಳ ಶಾಸ್ತ್ರಗಳನ್ನು ಓದಿಸಿ ಅರ್ಥ ಹೇಳುತ್ತಿದ್ದರು. ಅದನ್ನು ಕೇಳಿದವರು ತಮ್ಮ ತಮ್ಮ ಊರಿಗೆ ಹೊತ್ತು ತಂದರು. ಹೀಗೆ ದೂರದ ಶಂಭುಲಿಂಗನ ಬೆಟ್ಟದಲ್ಲಿ ನೆಲೆಸಿದ್ದ ನಿಜಗುಣರ 'ಕೈವಲ್ಯಪದ್ಧತಿ' ಕೃಷ್ಣೆಯ ದಂಡೆಯ ಒಕ್ಕಲಿಗರ ಬಾಯಿಪಾಠವಾಯಿತು. ಜೀವ, ಈಶ್ವರ, ಮಾಯೆ, ಸಾಕ್ಷಿ ಎಂಬ ಮಾತುಗಳನ್ನು ಇಲ್ಲಿ ಎತ್ತು ಹೂಡುತ್ತಲೇ ಆಡುತ್ತಾರೆ.

ಮುತ್ಯಾ ಕಲ್ಲಿನ ಚೌಕವನ್ನು ಕೈಯಿಂದ ತೋರಿಸುತ್ತಾರೆ. "ನೋಡ್ ತಮ್ಮಾ, ಇಲ್ಲಿ ನಾಕ ಗ್ವಾಡಿ ಇದ್ವು. ಗ್ವಾಡಿ ಒಳಗಿಂದು ನಮ್ಮ ಮನಿ, ಹೊರಗಿಂದು ಓಣಿ ಅಂತಿದ್ವಿ. ಗ್ವಾಡಿ ಬಿದ್ವು. ಈಗ ಒಳಗಿದ್ದ ಬಯಲು ಎಲ್ಲಿ ಹೋತು? ಹೊರಗಿನ ಬಯಲಿಗೆ ಹೋಗಿ ಕೂಡಿತೇನು? ಹೋಗೂದು ಬರೂದು ಅದಕ್ಕೆಲ್ಲಿ? ಆವಾಗೂ ಒಂದ, ಈಗೂ ಒಂದ."

ಗೌಡಪಾದರು ಮಾಂಡೂಕ್ಯ ಕಾರಿಕೆಯಲ್ಲಿ ಗಡಿಗೆ ಮತ್ತು ಆಕಾಶದ ದೃಷ್ಟಾಂತದಿಂದ ಹೇಳಿದ್ದು ಇದನ್ನೇ. ಗಡಿಗೆ ಒಡೆದರೆ ಒಳಗಿನ ಆಕಾಶ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ಪ್ರಯಾಣ ಮಾಡುವುದೂ ಇಲ್ಲ. ಜೀವ ಎನ್ನುವುದು ಗಡಿಗೆಯ ಲೆಕ್ಕದಲ್ಲಿ ಕರೆದ ಆಕಾಶ. ಪುಸ್ತಕದಲ್ಲಿ ಓದಿದಾಗ ಇದು ಚೆಂದದ ತರ್ಕವಾಗಿಯಷ್ಟೇ ಕಂಡಿತ್ತು. ಆದರೆ ಸ್ವಂತ ಮನೆಯ ಗೋಡೆ ಕಳೆದುಕೊಂಡವರು ಅದೇ ಮನೆಯ ನಡುವೆ ಕೂತು ಹೇಳಿದಾಗ ಮೈ ಜುಮ್ಮೆನ್ನುತ್ತದೆ.

ಆಯಿ ಅಷ್ಟರವರೆಗೆ ಸುಮ್ಮನಿದ್ದವರು, ಎಣ್ಣೆಯ ಬಾಟಲಿ ಕೆಳಗಿಟ್ಟು ಬಾಯಿ ತೆರೆಯುತ್ತಾರೆ. "ಬಯಲು ಬಯಲು ಅಂತೀರಿ. ಬಯಲಾಗ ಬಾಣಂತಿ ಮಲಗಸಾಕ ಬರತೈತೇನ್ರಿ? ಇಲ್ಲೇ, ಈ ಮೂಲ್ಯಾಗ, ಮೂರು ಮಕ್ಕಳ ಹಡದೀನಿ. ಗ್ವಾಡಿ ಇತ್ತಂತ ಹಡದೆ."

ಮುತ್ಯಾ ನಗುವುದಿಲ್ಲ, ವಾದಿಸುವುದೂ ಇಲ್ಲ. "ಅದೂ ಖರೇನ," ಎಂದು ತಲೆಯಾಡಿಸುತ್ತಾರೆ.

ಸ್ವಲ್ಪ ಹೊತ್ತು ಇಲ್ಲೇ ನಿಲ್ಲಿ. ಈ ಎರಡು ಮಾತುಗಳ ನಡುವೆ ಅದ್ವೈತದ ಇಡೀ ಕಷ್ಟ ಕೂತಿದೆ. ಮುತ್ಯಾನ ಮಾತು ಪರಮಾರ್ಥ, ಆಯಿಯದು ವ್ಯವಹಾರ. ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಸುಳ್ಳೆಂದು ತಳ್ಳುವವರು ಬಹಳ ಜನ. ಶಂಕರರು ಹಾಗೆ ತಳ್ಳಲಿಲ್ಲ. ಬ್ರಹ್ಮಾತ್ಮಭಾವದ ಅರಿವು ಮೂಡುವ ತನಕ ಎಲ್ಲ ವ್ಯವಹಾರವೂ ಸತ್ಯವೇ, ಎಚ್ಚರವಾಗುವ ತನಕ ಕನಸು ಹೇಗೆ ಸತ್ಯವೋ ಹಾಗೆ ಎಂದು ಸೂತ್ರಭಾಷ್ಯದಲ್ಲಿ ಬರೆದಿದ್ದಾರೆ. ಬಾಣಂತಿಗೆ ಗೋಡೆ ಬೇಕು ಎಂಬುದನ್ನು ಯಾವ ಉಪನಿಷತ್ತೂ ಅಲ್ಲಗಳೆದಿಲ್ಲ.

ಬಿಸಿಲು ಏರುತ್ತಿದೆ, ಅಣೆಕಟ್ಟಿನ ಕಡೆ ಹೋಗೋಣ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಇಲ್ಲಿ ಅಡಿಗಲ್ಲು ಇಟ್ಟರು. ಜಲಾಶಯಕ್ಕೆ ಈಗ ಅವರದೇ ಹೆಸರು. ಪೂರ್ಣ ತುಂಬಿದರೆ 519.60 ಮೀಟರ್ ಮಟ್ಟ, 123 ಟಿಎಂಸಿ ನೀರು. ಈ ನೀರು ಕಾಲುವೆ ಹಿಡಿದು ಬರದ ಹೊಲಗಳಿಗೆ ಹೋಗಿದೆ, ಕಬ್ಬು ಬೆಳೆದಿದೆ, ವಿದ್ಯುತ್ ಕೊಟ್ಟಿದೆ. ಅದೇ ನೀರು ಹಳೇ ಬಾಗಲಕೋಟೆಯ ಓಣಿಗಳನ್ನೂ ಎರಡೂ ದಂಡೆಯ ಹಳ್ಳಿಗಳನ್ನೂ ನುಂಗಿದೆ. ಇವುಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮರೆಯುವುದು ಅನ್ಯಾಯ.

ಅಣೆಕಟ್ಟಿನ ಕೆಳಗಿನ ಉದ್ಯಾನದಲ್ಲಿ ನಿಂತು ಆ ಕಲ್ಲು-ಕಾಂಕ್ರೀಟಿನ ಎತ್ತರ ನೋಡುವಾಗ ನನಗೆ ನೆನಪಾಗುವುದು ಬ್ರಹ್ಮಸೂತ್ರದ ನಾಲ್ಕನೇ ಸೂತ್ರದ ಭಾಷ್ಯ. ಕರ್ಮದಿಂದ ಆಗಬಹುದಾದದ್ದು ನಾಲ್ಕೇ ಬಗೆ ಎನ್ನುತ್ತಾರೆ ಶಂಕರರು: ಇಲ್ಲದ್ದನ್ನು ಹುಟ್ಟಿಸಬಹುದು, ದೂರದ್ದನ್ನು ಮುಟ್ಟಬಹುದು, ಇದ್ದದ್ದನ್ನು ಬೇರೆಯಾಗಿ ಮಾರ್ಪಡಿಸಬಹುದು, ಕೊಳೆ ತೆಗೆದು ಶುದ್ಧ ಮಾಡಬಹುದು. ಕೃಷ್ಣೆಗೆ ಈ ನಾಲ್ಕನ್ನೂ ಇಲ್ಲಿ ಮಾಡಲಾಗಿದೆ. ನದಿಯಿದ್ದಲ್ಲಿ ಸಾಗರ ಹುಟ್ಟಿತು, ನೀರು ದೂರದ ಹೊಲ ಮುಟ್ಟಿತು, ವಿದ್ಯುತ್ತಾಗಿ ಮಾರ್ಪಟ್ಟಿತು, ಶುದ್ಧಿಗೊಂಡು ನಲ್ಲಿಗೆ ಬಂತು. ಮನುಷ್ಯನ ಕರ್ಮಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಈ ಜಿಲ್ಲೆಯಲ್ಲಿಲ್ಲ. ಮೋಕ್ಷ ಈ ನಾಲ್ಕರಲ್ಲಿ ಯಾವುದೂ ಅಲ್ಲ. ಹುಟ್ಟಿಸಿದ್ದಾದರೆ ಒಂದು ದಿನ ಸಾಯುತ್ತದೆ. ಮುಟ್ಟಬೇಕಾದ್ದಾದರೆ ಅದು ನಾನಲ್ಲದ ಇನ್ನೊಂದು ಜಾಗ. ಆತ್ಮ ಈಗಾಗಲೇ ಇದೆ, ಅದರ ಅರಿವಷ್ಟೇ ಬೇಕು. ಕರ್ಮ ಚಿತ್ತವನ್ನು ಹದ ಮಾಡಿಕೊಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು.

ಮಧ್ಯಾಹ್ನದ ಬಸ್ಸು ಹಿಡಿದು ಕೆಳಹರಿವಿನ ಕಡೆ ಇಳಿದರೆ ಕೂಡಲಸಂಗಮ ದೂರವಲ್ಲ. ಮಲಪ್ರಭೆ ಇಲ್ಲಿ ಕೃಷ್ಣೆಗೆ ಸೇರುತ್ತದೆ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಾಲಕ ಬಸವಣ್ಣ ಮನೆ ಬಿಟ್ಟು ಬಂದು ಕಲಿತದ್ದೂ, ಕಲ್ಯಾಣದಿಂದ ಮರಳಿ ಐಕ್ಯನಾದದ್ದೂ ಈ ಸಂಗಮದಲ್ಲಿ ಎಂದು ಪರಂಪರೆ ನಂಬುತ್ತದೆ. ಐಕ್ಯಮಂಟಪಕ್ಕೆ ಹೋಗುವ ದಾರಿಯಲ್ಲಿ ಕಲ್ಲು ಕಾದಿದೆ, ಅಂಗಾಲು ಸುಡುತ್ತದೆ, ಬೇಗ ಬೇಗ ನಡೆಯಿರಿ. ಬಾವಿಯಂತೆ ದುಂಡಗೆ ಎದ್ದ ಗೋಡೆ. ಒಳಗೆ ಮೆಟ್ಟಿಲಿಳಿದಂತೆ ಬಿಸಿಲು ಹಿಂದೆ ಉಳಿಯುತ್ತದೆ, ಗಾಳಿ ತಣ್ಣಗಾಗುತ್ತದೆ. ತಳದಲ್ಲಿ ಚಿಕ್ಕ ಮಂಟಪ, ಲಿಂಗ, ಒಂದಿಷ್ಟು ಹೂವು. ನಾರಾಯಣಪುರದ ಬಸವಸಾಗರದ ಹಿನ್ನೀರು ಇಲ್ಲಿಗೂ ಬರುತ್ತದೆ, ಅದನ್ನು ತಡೆಯಲೆಂದೇ ಈ ಗೋಡೆ. ಬಯಲಾದವರ ನೆಲೆಯನ್ನು ಉಳಿಸಿಕೊಳ್ಳಲು ನಮಗೆ ಗೋಡೆ ಕಟ್ಟಬೇಕಾಯಿತು. ಆಯಿಯ ಮಾತು ಇಲ್ಲಿಯೂ ನಿಜ.

ಶರಣರ ಐಕ್ಯವೂ ಶಂಕರರ ಮೋಕ್ಷವೂ ಒಂದೇ ಎಂದು ನಾನು ಹೇಳುವುದಿಲ್ಲ. ಷಟ್‌ಸ್ಥಲದಲ್ಲಿ ಭಕ್ತಸ್ಥಲದಿಂದ ಹತ್ತಿ ಆರನೆಯ ಮೆಟ್ಟಿಲಿಗೆ ಬರುವ ಐಕ್ಯದಲ್ಲಿ ಕಾಯಕವಿದೆ, ದಾಸೋಹವಿದೆ, ಅಂಗೈಯಲ್ಲಿ ಲಿಂಗವಿದೆ. ವೀರಶೈವ ಆಚಾರ್ಯರು ತಮ್ಮ ದರ್ಶನವನ್ನು ಶಕ್ತಿವಿಶಿಷ್ಟಾದ್ವೈತ ಎಂದು ಬೇರೆಯಾಗಿಯೇ ಕರೆದರು. ಆದರೆ ಈ ದಂಡೆಯ ಭಜನಾ ಮೇಳಗಳು ಆ ಗೆರೆಯನ್ನು ಅಷ್ಟು ಗಟ್ಟಿಯಾಗಿ ಎಳೆದುಕೊಂಡಿಲ್ಲ. ಒಂದೇ ರಾತ್ರಿ ಅಲ್ಲಮನ ವಚನ, ನಿಜಗುಣರ ಪದ, ಶರೀಫರ ಪದ ಮೂರೂ ಆಗುತ್ತವೆ. ನನಗೆ ಅದು ಅಜ್ಞಾನವೆಂದು ಕಾಣುವುದಿಲ್ಲ, ಕೇಳುವ ಕಿವಿ ದೊಡ್ಡದಾಗಿದೆ ಎನಿಸುತ್ತದೆ.

ಮೆಟ್ಟಿಲು ಹತ್ತಿ ಮೇಲೆ ಬಂದು ನದಿಗಳು ಕೂಡುವ ಕಡೆ ನೋಡಿ. 2023ರ ಜನವರಿಯಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಚಿತಾಭಸ್ಮವನ್ನು ಈ ನೀರಿಗೆ ಬಿಟ್ಟರು. ಗೋಕರ್ಣದ ಕಡಲಿಗೂ ಒಂದು ಭಾಗ ಹೋಯಿತು. ಬಿಜ್ಜರಗಿಯಲ್ಲಿ ಹುಟ್ಟಿ, ಮಲ್ಲಿಕಾರ್ಜುನ ಸ್ವಾಮೀಜಿಯವರ ಶಿಷ್ಯರಾಗಿ, ಕಿಸೆಯಿಲ್ಲದ ಬಿಳಿ ಅಂಗಿ ತೊಟ್ಟು, ಊರೂರಿನಲ್ಲಿ ತಿಂಗಳುಗಟ್ಟಲೆ ಪ್ರವಚನ ಹೇಳಿದವರು. 2018ರಲ್ಲಿ ಬಂದ ಪದ್ಮಶ್ರೀಯನ್ನು ನಯವಾಗಿ ಬೇಡವೆಂದವರು. ಆ ಪ್ರವಚನಗಳಲ್ಲಿ ಒಮ್ಮೆ ಕೂತವರಿಗೆ ಗೊತ್ತು: ಹೇಳಿದ ಸಮಯಕ್ಕೆ ಶುರು, ಹೇಳಿದ ಸಮಯಕ್ಕೆ ಮುಕ್ತಾಯ, ಸಾವಿರಾರು ಜನ ಕೂತರೂ ಕೆಮ್ಮು ಕೇಳಿಸುವಷ್ಟು ನಿಶ್ಶಬ್ದ. ಏರುದನಿಯಿಲ್ಲ, ಬೈಗುಳವಿಲ್ಲ.

2014ರ ಗುರುಪೂರ್ಣಿಮೆಯಂದೇ ಅವರು ತಮ್ಮ ಕೊನೆಯ ಪತ್ರ ಬರೆದಿಟ್ಟಿದ್ದರು. ದೇಹವನ್ನು ಹೂಳಬೇಡಿ, ಅಗ್ನಿಗೆ ಕೊಡಿ. ಶ್ರಾದ್ಧದ ವಿಧಿ ಬೇಡ. ಬೂದಿಯನ್ನು ನದಿಗೋ ಕಡಲಿಗೋ ಬಿಡಿ. ಸ್ಮಾರಕ ಬೇಡ. ಪತ್ರದ ಆಶಯ ಇಷ್ಟು. ಸ್ವಾಮಿಗಳ ದೇಹವನ್ನು ಕೂರಿಸಿ ಸಮಾಧಿ ಮಾಡಿ, ಅದರ ಮೇಲೆ ಗದ್ದುಗೆ ಕಟ್ಟುವುದು ಈ ನಾಡಿನ ಮಠಗಳ ಪದ್ಧತಿ. ಗದ್ದುಗೆ ಎದ್ದರೆ ಜಾತ್ರೆ, ಉತ್ಸವ, ಟ್ರಸ್ಟು, ತಂಟೆ. ದೇಹ ನಾನಲ್ಲ ಎಂದು ದಶಕಗಟ್ಟಲೆ ಹೇಳಿದವರ ದೇಹಕ್ಕೆ ಗದ್ದುಗೆಯಾಗಿದ್ದರೆ ಅಷ್ಟೂ ಮಾತು ಬರೀ ಮಾತಾಗುತ್ತಿತ್ತು. ಪ್ರಾರಬ್ಧ ಮುಗಿಯುವ ತನಕ ದೇಹವಿರುತ್ತದೆ, ಬಿಟ್ಟ ಬಾಣ ವೇಗ ಮುಗಿಯುವ ತನಕ ಹೋಗುವಂತೆ, ಎನ್ನುತ್ತದೆ ಶಾಸ್ತ್ರ. ಬಾಣ ಬಿದ್ದ ಜಾಗಕ್ಕೆ ಗುಡಿ ಕಟ್ಟಬೇಡಿ ಎಂದು ಅವರು ಕೇಳಿಕೊಂಡರು. 2023ರ ಜನವರಿ 2ರಂದು ವೈಕುಂಠ ಏಕಾದಶಿಯ ದಿನ ಅವರು ಹೋದರು, ಲಕ್ಷಾಂತರ ಜನ ವಿಜಯಪುರಕ್ಕೆ ಹರಿದುಬಂದರು. ಪತ್ರದಲ್ಲಿ ಬರೆದಂತೆಯೇ ನಡೆಯಿತು.

ರಾತ್ರಿ ಒಂಬತ್ತಾಯಿತು. ಮುಳುಗಿದ ಊರಿನವರ ಪುನರ್ವಸತಿ ಕೇಂದ್ರದ ಗುಡಿಯ ಮುಂದೆ ಜಮಖಾನೆ ಹಾಸಿದ್ದಾರೆ. ಊರಿನ ಹೆಸರು ಹಳೆಯದೇ, ಓಣಿಗಳು ಮಾತ್ರ ನಕ್ಷೆಯಂತೆ ನೇರ. ಬೆಳಗಿನ ಮುತ್ಯಾ ಏಕತಾರಿ ಶ್ರುತಿ ಮಾಡುತ್ತಿದ್ದಾರೆ. ಒಂದು ಪದ ಮುಗಿದಾಗ ಸಂಚಿತ, ಪ್ರಾರಬ್ಧ, ಆಗಾಮಿ ಎಂದು ಕರ್ಮದ ಮೂರು ಬಗೆ ಬಿಡಿಸುತ್ತಾರೆ. ಕೂಡಿಟ್ಟದ್ದನ್ನು ಜ್ಞಾನ ಸುಡುತ್ತದೆ, ಮುಂದೆ ಮಾಡುವುದು ಅಂಟುವುದಿಲ್ಲ, ಫಲ ಕೊಡಲು ಶುರುವಾದದ್ದನ್ನು ಉಂಡೇ ತೀರಿಸಬೇಕು.

ಹೆಂಗಸರ ಸಾಲಿನಿಂದ ಆಯಿಯ ದನಿ. "ಒಂದು ಮಾತು ಕೇಳತೀನ್ರಿ. ಊರು ಮುಳುಗಿದ್ದು ನಿಮ್ಮ ಪ್ರಾರಬ್ಧ ಅಂತ ಯಾರೋ ಶ್ಯಾಣ್ಯಾರು ಹೇಳಿ ಹ್ವಾದ್ರು. ತೊಟ್ಟಲದಾಗಿನ ಕೂಸಿಂದೂ, ತೊಂಬತ್ತರ ಮುದುಕಂದೂ, ಇಡೀ ಊರಿಂದು ಒಂದ ಪ್ರಾರಬ್ಧ ಹೆಂಗಿರತೈತಿ?"

ತಾಳ ನಿಲ್ಲುತ್ತದೆ. ಈ ಪ್ರಶ್ನೆಗೆ ನನ್ನ ಉತ್ತರ ನನಗೆ ಸ್ಪಷ್ಟವಿದೆ. ಪ್ರಾರಬ್ಧ ಎಂಬುದು ಜ್ಞಾನಿ ತನ್ನ ದೇಹದ ಬಗ್ಗೆ ತಾನು ಹೇಳಿಕೊಳ್ಳುವ ಮಾತು. ಅರಿವು ಬಂದ ಮೇಲೂ ಈ ದೇಹವೇಕೆ ಉಳಿದಿದೆ ಎಂಬ ಪ್ರಶ್ನೆಗೆ ಕೊಟ್ಟ ಸಮಾಧಾನ ಅದು. ಅದನ್ನು ಎತ್ತಿ ಇನ್ನೊಬ್ಬರ ಸಂಕಟದ ಮೇಲೆ ಹೇರಿದಾಗ ವೇದಾಂತ ಕ್ರೌರ್ಯವಾಗುತ್ತದೆ. ಗೇಟಿನ ಎತ್ತರ ನಿಶ್ಚಯವಾದದ್ದು ಸರ್ಕಾರಗಳ ಕಡತಗಳಲ್ಲಿ, 2000ದಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯ ಮುಂದೆ. ಅಲ್ಲಿ ಕರ್ತೃಗಳಿದ್ದಾರೆ, ಸಹಿಗಳಿವೆ. ಕರ್ತೃ ಇರುವಲ್ಲಿ ಕೇಳುವ ಹಕ್ಕೂ ಇರುತ್ತದೆ. ಆತ್ಮಕ್ಕೆ ಕರ್ತೃತ್ವವಿಲ್ಲ ಎಂಬ ಮಾತನ್ನು ಸಹಿ ಹಾಕಿದವರ ರಕ್ಷಣೆಗೆ ಒಡ್ಡುವಂತಿಲ್ಲ.

ಮುತ್ಯಾ ಇಷ್ಟೆಲ್ಲ ಹೇಳಲಿಲ್ಲ. ಏಕತಾರಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, "ನಿನ್ನ ಪ್ರಾರಬ್ಧ ಅಂತ ಇನ್ನೊಬ್ಬರಿಗೆ ಅನ್ನೂದು ಶಾಸ್ತ್ರ ಅಲ್ಲ, ಸೊಕ್ಕು" ಎಂದರು. ಆಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗನ ಕಡೆ ತಿರುಗಿದರು. ಅವನು ಅವರ ಮಗಳ ಮಗ. ಅಣೆಕಟ್ಟು ಯೋಜನೆಯ ಮೂರನೇ ಹಂತದಲ್ಲಿ ನೀರಿನ ಮಟ್ಟ 524.256 ಮೀಟರಿಗೆ ಏರಿದರೆ ಅವನ ಅಪ್ಪನ ಹೊಲವೂ ಹೋಗುತ್ತದೆ.

"ಉತಾರಿ, ಹಳೇ ಕಾಗದ ಎಲ್ಲಾ ಒಂದ ಫೈಲಿನಾಗ ಹಾಕೀ ಇಲ್ಲ? ಸೋಮವಾರ ವಕೀಲರ ಕಡೆ ನಾನೂ ಬರತೀನಿ."

"ನಿಮಗ್ಯಾಕ ತ್ರಾಸ ಮುತ್ಯಾ, ನಾ ಹೋಗತೀನಿ."

"ಹೊಲದ ಸೀಮಿ ನಿನಗೇನ ಗೊತ್ತೈತಿ? ಬಂದ ಬರತೀನಿ," ಎಂದು ಮುತ್ಯಾ ಮೇಳದವರಿಗೆ ಮುಂದಿನ ಪದ ಎತ್ತಲು ಹೇಳಿದರು.